ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?

ಮಲೆನಾಡಿನ ಊರುಗಳಲ್ಲಿ ಎತ್ತಿನ ಗಾಡಿಯ ಸ್ಥಾನಕ್ಕೆ ಪಿಕಪ್ ವಾಹನ ಬಂದು ಬಹಳ ಕಾಲವಾಯಿತು. ಅಡಿಕೆ ಮೂಟೆ, ಬಾಳೆಗೊನೆ, ಗೊಬ್ಬರದ ಚೀಲ, ಮದುವೆಮನೆಯ ಪಾತ್ರೆ, ಅವಸರದ ಹೊತ್ತಿನಲ್ಲಿ ಆಸ್ಪತ್ರೆಗೆ ಹೊರಟ ರೋಗಿ, ಹೀಗೆ ಎಲ್ಲದರ ಭಾರವನ್ನೂ ಹೊರುವುದು ಅದೇ. ಹಲಸಿನ ಕಾಲ ಬಂತೆಂದರೆ ಅದೇ ಗಾಡಿ ರಾತ್ರಿಯಿಡೀ ಓಡಿ, ಬೆಳಗಿನ ಜಾವ ಬೆಂಗಳೂರಿನ ದಕ್ಷಿಣದ ಬಡಾವಣೆಗಳನ್ನು ಮುಟ್ಟುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಗಿರಾಕಿಗಳಿಗೆ ಹಲಸು, ಜೇನು, ಮುರುಗಲು, ಕೆಂಪಕ್ಕಿ ಇಳಿಸುತ್ತದೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿದ್ದು ಓದುವ ನಮ್ಮ ಮಕ್ಕಳಿಗೆ ಮನೆಯ ಉಪ್ಪಿನಕಾಯಿ, ಹಪ್ಪಳಗಳನ್ನೂ ತಲುಪಿಸುತ್ತದೆ.

ಸರಕು ಇಳಿಸಿ ಮರಳಿ ಹೊರಡಬೇಕೆನ್ನುವಾಗ ಕೀಲಿ ತಿರುಗಿಸಿದರೆ ಎಂಜಿನ್ ಎಚ್ಚರಗೊಳ್ಳದೆ ಬರಿಯ ‘ಟಕ್ ಟಕ್’ ಸದ್ದು ಕೇಳುವ ಪ್ರಸಂಗ ಗಾಡಿ ಇಟ್ಟವರಿಗೆಲ್ಲ ಪರಿಚಿತ. ಪರಸ್ಥಳ, ಬಾಡಿಗೆಯ ಸಮಯ ಮೀರುತ್ತಿದೆ, ಹಿಂದೆ ನಿಂತ ವಾಹನಗಳು ಹಾರನ್ ಬಾರಿಸುತ್ತಿವೆ. ನಾಲ್ಕು ಜನ ಸೇರಿ ತಳ್ಳಿ ಎಂಜಿನ್ ಚಾಲೂ ಮಾಡಿಸಿ, ಸಮೀಪದ ಬ್ಯಾಟರಿ ಅಂಗಡಿಯ ಮುಂದೆ ನಿಲ್ಲಿಸಿ, ಅವರು ಕೊಟ್ಟದ್ದನ್ನು ಹಾಕಿಸಿಕೊಂಡು, ಹಳೆಯದನ್ನು ಅಲ್ಲಿಯೇ ಎಸೆದು ಹೊರಡುವುದು ವಾಡಿಕೆ. ಇಲ್ಲವೇ ಹಳೆಯದನ್ನು ಊರಿಗೆ ತಂದು, ಮುಂದೊಂದು ದಿನ ಮನೆ ಬಾಗಿಲಿಗೆ ಬರುವ ಗುಜರಿಯವರಿಗೆ ಹಾಕುವುದು ವಾಡಿಕೆ.

ಕಾಡು, ನದಿ, ಗಣಿ, ಅಣೆಕಟ್ಟುಗಳ ಕುರಿತು ಬರೆಯುವ ಈ ಪುಟಗಳಲ್ಲಿ ಬ್ಯಾಟರಿಯ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣ ಸರಳವಾದುದು. ಪಿಕಪ್ ವಾಹನದ ಬ್ಯಾಟರಿಯ ತೂಕದಲ್ಲಿ ಸುಮಾರು ಶೇಕಡಾ 60ರಷ್ಟು ಸೀಸ. ಹದಿನೆಂಟು ಕಿಲೋ ತೂಗುವ ಬ್ಯಾಟರಿಯೊಂದನ್ನು ಕೈಬದಲಿಸುವಾಗ ನಾವು ಹತ್ತು ಕಿಲೋಗೂ ಹೆಚ್ಚು ಸೀಸವನ್ನು ಕೈಬದಲಿಸುತ್ತೇವೆ. ಜೊತೆಗೆ ಕೆಲವು ಲೀಟರ್ ಗಂಧಕಾಮ್ಲದ ದ್ರಾವಣವನ್ನೂ. ಮಲೆನಾಡಿನ ಸಾಮಾನ್ಯ ಕುಟುಂಬವೊಂದು ತನ್ನ ಕೈಯಾರೆ ಮುಟ್ಟುವ ವಿಷವಸ್ತುಗಳಲ್ಲಿ ತೂಕದ ಲೆಕ್ಕದಿಂದ ಇದಕ್ಕಿಂತ ದೊಡ್ಡದು ಬೇರೆ ಇರಲಾರದು. ಕೀಟನಾಶಕದ ಬಾಟಲಿಯನ್ನು ಕಂಡರೆ ಹೆದರುವ ನಾವು, ಬ್ಯಾಟರಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇವೆ. ಆದ್ದರಿಂದ ಬ್ಯಾಟರಿಯ ಖರೀದಿ ಕೇವಲ ಗಾಡಿಯ ವ್ಯವಹಾರವಲ್ಲ, ನೆಲ ಜಲದ ವ್ಯವಹಾರವೂ ಹೌದು ಎಂಬುದು ನನ್ನ ವಾದ. ಹೊಸದನ್ನು ಸರಿಯಾಗಿ ಆರಿಸಿ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಹಳೆಯದು ಕಾನೂನುಬದ್ಧ ಕೈಗೆ ಸೇರಿದಾಗ ಮಾತ್ರ ಉಳಿದರ್ಧವೂ ಮುಗಿಯುತ್ತದೆ.

ಸತ್ತಿರುವುದು ಬ್ಯಾಟರಿಯೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಬದಲಿಸುವ ಅಗತ್ಯ ನಿಜವಾಗಿ ಇದೆಯೇ ಎಂಬುದು. ಅಗತ್ಯವಿಲ್ಲದೆ ಬದಲಿಸಿದ ಪ್ರತಿಯೊಂದು ಬ್ಯಾಟರಿಯೂ ಅಕಾಲದಲ್ಲಿ ಕರಗಿಸುವ ಕುಲುಮೆಯ ದಾರಿ ಹಿಡಿಯುತ್ತದೆ.

ಸೀಸ–ಆಮ್ಲದ ಬ್ಯಾಟರಿಯ ಒಳಗೆ ಆರು ಕೋಶಗಳಿರುತ್ತವೆ. ಒಂದೊಂದೂ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಕೆಲವು ತಾಸು ಸುಮ್ಮನೆ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಹಿಡಿದಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ ಎಂದರ್ಥ. 12.2 ಬಂದರೆ ಸುಮಾರು ಅರ್ಧ ಖಾಲಿಯಾಗಿದೆ. 12ಕ್ಕಿಂತ ಕೆಳಗಿಳಿದರೆ ಬಹುಪಾಲು ಬರಿದಾಗಿದೆ. ಬರಿದಾಗುವುದು ಬೇರೆ, ಸಾಯುವುದು ಬೇರೆ. ಮನೆಯ ಕೊಡ ಖಾಲಿಯಾದರೆ ಕೊಡವನ್ನೇ ಎಸೆಯುತ್ತೇವೆಯೇ? ತುಂಬಿಸಿ ನೋಡುತ್ತೇವೆ. ಹಾಗೆಯೇ ಬ್ಯಾಟರಿಯನ್ನೂ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು, ಆಮೇಲೆ ಅಳೆಯಬೇಕು. ಪೂರ್ತಿ ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ ಒಂಬತ್ತೂವರೆ ವೋಲ್ಟಿಗಿಂತ ಕೆಳಕ್ಕೆ ಕುಸಿಯುವುದಾದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಒಂದೊಂದೇ ಕೋಶದ ದ್ರವವನ್ನು ಪರೀಕ್ಷಿಸಬಹುದು. ತುಂಬಿದ ಕೋಶದ ಸಾಪೇಕ್ಷ ಸಾಂದ್ರತೆ 1.26ರಿಂದ 1.28. ಐದು ಕೋಶಗಳು ಸರಿಯಿದ್ದು ಒಂದು ಮಾತ್ರ 0.05ಕ್ಕಿಂತ ಹೆಚ್ಚು ಹಿಂದುಳಿದಿದ್ದರೆ ಆ ಕೋಶ ಕೆಟ್ಟಿದೆ.

ಎಂಜಿನ್ ಓಡುತ್ತಿರುವಾಗಲೂ ಒಮ್ಮೆ ಅಳೆಯಬೇಕು. ಸುಮಾರು 13.8ರಿಂದ 14.4 ವೋಲ್ಟ್ ಬರದಿದ್ದರೆ ದೋಷ ಬ್ಯಾಟರಿಯದ್ದಾಗಿರದೆ, ನಮ್ಮ ಕಡೆ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರಿನದ್ದೋ, ಸಡಿಲವಾದ ಬೆಲ್ಟಿನದ್ದೋ ಆಗಿರಬಹುದು. ಅಂಥ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ. ಧ್ರುವಗಳ ಮೇಲೆ ಬಿಳಿ, ಹಸಿರು ಹುಡಿ ಕಟ್ಟಿದ್ದರೆ, ಎಂಜಿನ್ನಿಗೂ ಗಾಡಿಯ ಮೈಗೂ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಅದೇ ‘ಟಕ್ ಟಕ್’ ಸದ್ದು ಬರುತ್ತದೆ. ಬಿಸಿನೀರು, ಅಡುಗೆ ಸೋಡಾ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಣವಾಗುವ ಕಾಯಿಲೆಗೆ ಸಾವಿರಾರು ರೂಪಾಯಿ ತೆರುವವರು ಕಡಿಮೆಯಿಲ್ಲ.

ಮಲೆನಾಡಿನದೇ ಆದ ಇನ್ನೊಂದು ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಹಳಷ್ಟು ಪಿಕಪ್‌ಗಳಿಗೆ ಕೆಲಸವಿರುವುದಿಲ್ಲ. ಹೊರಟರೂ ಸೊಸೈಟಿಗೋ ಡೇರಿಗೋ ಎರಡು ಮೈಲಿಯ ಓಡಾಟ. ನಿಂತ ಬ್ಯಾಟರಿ ತಾನಾಗಿಯೇ ಸೊರಗುತ್ತದೆ. ಸೊರಗಿದ ಸ್ಥಿತಿಯಲ್ಲಿ ವಾರಗಟ್ಟಲೆ ಉಳಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳುಗಳು ಬೆಳೆಯುತ್ತವೆ. ಆ ಹರಳುಗಳು ಮತ್ತೆ ಸುಲಭವಾಗಿ ಕರಗುವುದಿಲ್ಲ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರು ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿದರೆ ಬ್ಯಾಟರಿಯ ಆಯುಷ್ಯ ಒಂದೆರಡು ವರ್ಷ ಹೆಚ್ಚಬಹುದು. ನೀರು ಇಂಗಿದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಬಾವಿಯ ನೀರೂ ಬೇಡ, ಆಮ್ಲವೂ ಬೇಡ. ಬ್ಯಾಟರಿಯಿಂದ ಹೊರಹೋಗುವುದು ನೀರೇ ಹೊರತು ಆಮ್ಲವಲ್ಲ.

ಆರಿಸುವ ಬಗೆ

ಪರೀಕ್ಷೆಯ ಬಳಿಕ ಬದಲಿಸಲೇಬೇಕು ಎಂದಾದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಅಂಗಡಿಗಳಿಗೆ ಬರವಿಲ್ಲ. ಬನಶಂಕರಿಯಿಂದ ಕನಕಪುರ ರಸ್ತೆಯಗುಂಟ, ಜಯನಗರದಿಂದ ಬನ್ನೇರುಘಟ್ಟ ರಸ್ತೆಯಗುಂಟ ನಡೆದರೆ ಎಲ್ಲ ಕಂಪನಿಗಳ ಫಲಕಗಳೂ ಕಾಣುತ್ತವೆ. ಆಯ್ಕೆ ಹೆಚ್ಚಾದಷ್ಟೂ ಗೊಂದಲ ಹೆಚ್ಚು. ಕಂಪನಿಯ ಹೆಸರಿಗಿಂತ ಮುಖ್ಯವಾದ ಕೆಲವು ಸಂಗತಿಗಳಿವೆ.

ಗಾಡಿಯ ಕೈಪಿಡಿಯಲ್ಲಿ ಬರೆದ ಆಂಪಿಯರ್–ಅವರ್ ಸಾಮರ್ಥ್ಯ, ಬ್ಯಾಟರಿಯ ಉದ್ದ ಅಗಲ ಎತ್ತರ ಮತ್ತು ಧ್ರುವಗಳ ಎಡಬಲ, ಈ ಮೂರೂ ಹೊಂದಬೇಕು. ಧ್ರುವ ತಿರುಗುಮುರುಗಾದ ಬ್ಯಾಟರಿಗೆ ತಂತಿಯನ್ನು ಎಳೆದು ಸಿಕ್ಕಿಸುವ ಸಾಹಸ ಬೇಡ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚು ಬಲ ಬೇಕು. ಚಳಿ ಹೆಚ್ಚಿದಂತೆ ಬ್ಯಾಟರಿಯ ಬಲ ಕುಗ್ಗುತ್ತದೆ, ಎಂಜಿನ್ನಿನ ಎಣ್ಣೆ ಮಂದವಾಗುತ್ತದೆ. ಬೆಂಗಳೂರಿನಲ್ಲಿ ಸಲೀಸಾಗಿ ನಡೆಯುವ ಬಡಕಲು ಬ್ಯಾಟರಿ ಘಟ್ಟದ ಮೇಲಿನ ಡಿಸೆಂಬರ್ ಮುಂಜಾವಿನಲ್ಲಿ ಕೈಕೊಡುವುದು ಇದರಿಂದಲೇ. ಆದ್ದರಿಂದ ಕೈಪಿಡಿ ಹೇಳಿದ ಸಾಮರ್ಥ್ಯಕ್ಕಿಂತ ಕಡಿಮೆಯದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು.

ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ತಾನೇ ಹೊರಡುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ. ಅಂಥವಕ್ಕೆ ಪದೇ ಪದೇ ಚಾಲೂ ಮಾಡುವುದನ್ನು ತಾಳಿಕೊಳ್ಳುವ ವಿಶೇಷ ಬ್ಯಾಟರಿಯನ್ನು ಕಾರ್ಖಾನೆಯಲ್ಲೇ ಹಾಕಿರುತ್ತಾರೆ. ಅದರ ಬದಲಿಗೆ ಸಾಮಾನ್ಯವಾದುದನ್ನು ಕೂರಿಸಿದರೆ ಬಾಳಿಕೆ ಬರುವುದಿಲ್ಲ. ತಯಾರಾದ ತಿಂಗಳು ಮತ್ತು ವರ್ಷವನ್ನು ಬ್ಯಾಟರಿಯ ಮೇಲೆ ಅಚ್ಚೊತ್ತಿರುತ್ತಾರೆ. ಅದು ಸಂಕೇತದಲ್ಲಿದ್ದರೆ ಬಿಡಿಸಿ ಹೇಳುವಂತೆ ಅಂಗಡಿಯವರನ್ನು ಕೇಳಬೇಕು. ಆರು ತಿಂಗಳಿನಿಂದ ಕಪಾಟಿನಲ್ಲಿ ಕುಳಿತದ್ದನ್ನು ಬೇಡವೆನ್ನುವ ಹಕ್ಕು ಗ್ರಾಹಕನದು. ವಾರಂಟಿಯ ಮಾತಿನಲ್ಲಿಯೂ ಎಚ್ಚರ ಬೇಕು. ‘ಐದು ವರ್ಷ’ ಎಂದು ಹೇಳುವಾಗ ಮೊದಲ ಕೆಲವು ವರ್ಷ ಮಾತ್ರ ಉಚಿತ ಬದಲಾವಣೆ, ಉಳಿದ ವರ್ಷಗಳಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಎಂದಿರುವುದೇ ಹೆಚ್ಚು. ವಾರಂಟಿ ಪತ್ರದಲ್ಲಿ ದಿನಾಂಕ, ಮೊಹರು, ಕ್ರಮಸಂಖ್ಯೆ ಇವೆಯೇ ಎಂದು ನೋಡಿಕೊಂಡೇ ಹೊರಡಬೇಕು. ಮಲೆನಾಡಿಗೆ ಮರಳಿದ ಮೇಲೆ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಆ ಕಂಪನಿಯ ಸೇವೆ ಸಿಗುತ್ತದೆಯೇ ಎಂದು ಅಲ್ಲಿಯೇ ವಿಚಾರಿಸುವುದೂ ಒಳ್ಳೆಯದು.

ಹೆಸರಿಲ್ಲದ, ಬಿಲ್ಲಿಲ್ಲದ, ಅರ್ಧ ಬೆಲೆಯ ಬ್ಯಾಟರಿಗಳೂ ಪೇಟೆಯಲ್ಲಿ ಸಿಗುತ್ತವೆ. ಹಳೆಯ ಬ್ಯಾಟರಿಗಳನ್ನು ಒಡೆದು, ಇನ್ನೂ ಸ್ವಲ್ಪ ಜೀವವಿರುವ ಫಲಕಗಳನ್ನು ಆಯ್ದು ಹೊಸ ಪೆಟ್ಟಿಗೆಗೆ ತುಂಬಿದ ಸರಕು ಇವುಗಳಲ್ಲಿ ಸೇರಿರುತ್ತದೆ. ಇವು ಬೇಗ ಸಾಯುತ್ತವೆ ಎಂಬುದು ಒಂದು ನಷ್ಟ. ಇವುಗಳನ್ನು ಕೊಳ್ಳುವ ಪ್ರತಿಯೊಬ್ಬನೂ ಎಲ್ಲೋ ಒಂದು ತಗಡಿನ ಶೆಡ್ಡಿನಲ್ಲಿ ಬರಿಗೈಯಲ್ಲಿ ಬ್ಯಾಟರಿ ಒಡೆಯುವ ದಂಧೆಗೆ ಹಣ ಕಟ್ಟುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ನಷ್ಟ.

ಕೂರಿಸುವ ಬಗೆ

ಕೂರಿಸುವ ಕೆಲಸವನ್ನು ಅಂಗಡಿಯ ಹುಡುಗರೇ ಮಾಡಿದರೂ ಪಕ್ಕದಲ್ಲಿ ನಿಂತು ನೋಡಬೇಕು. ಊರಿನಲ್ಲಿ ನಾವೇ ಮಾಡುವುದಾದರೆ ಕ್ರಮ ಗೊತ್ತಿರಬೇಕು. ಎಂಜಿನ್, ದೀಪ ಎಲ್ಲವೂ ಆರಿರಲಿ. ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಜೋಡಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಇದು ಸಂಪ್ರದಾಯವಲ್ಲ, ಕಾರಣವಿದೆ. ಗಾಡಿಯ ಇಡೀ ಮೈ ನೆಗೆಟಿವ್ ಧ್ರುವಕ್ಕೆ ಸೇರಿರುತ್ತದೆ. ಅದನ್ನು ಮೊದಲೇ ಕಳಚಿದರೆ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಲೋಹಕ್ಕೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊಮ್ಮುತ್ತದೆ. ಅದಕ್ಕೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಎರಚುತ್ತದೆ. ಬೀಡಿ, ಸಿಗರೇಟು ದೂರವಿರಲಿ.

ಧ್ರುವಗಳ ಮೇಲಿನ ಹುಡಿಯನ್ನು ಒಣಗಿದಂತೆಯೇ ಕೆರೆದು ಊದಬಾರದು. ಅದರಲ್ಲಿ ಸೀಸವಿರುತ್ತದೆ. ಸೋಡಾ ಬೆರೆಸಿದ ಬಿಸಿನೀರಿನಿಂದ ಒದ್ದೆ ಮಾಡಿ ಒರೆಸಬೇಕು. ಈ ಕೆಲಸವನ್ನು ಬಾವಿಕಟ್ಟೆಯ ಬಳಿಯಾಗಲಿ, ಮಕ್ಕಳು ಆಡುವ ಅಂಗಳದಲ್ಲಾಗಲಿ ಮಾಡಬಾರದು. ಒರೆಸಿದ ಬಟ್ಟೆಯನ್ನು ಒಲೆಗೆ ಹಾಕಬಾರದು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಎಲೆ ಅಡಿಕೆಯ ಸಂಚಿಗೆ ಕೈ ಹಾಕಬಾರದು.

ಘಟ್ಟದ ರಸ್ತೆಯ ಗಾಡಿಗಳಿಗೆ ಎಲ್ಲಕ್ಕಿಂತ ಮುಖ್ಯವಾದುದು ಬ್ಯಾಟರಿಯನ್ನು ತಟ್ಟೆಗೆ ಬಿಗಿಯುವ ಕ್ಲ್ಯಾಂಪ್. ಅದು ಮುರಿದಿದ್ದರೆ ಸೈಕಲ್ ಟ್ಯೂಬಿನಿಂದ ಕಟ್ಟಿ ಓಡಿಸುವ ರೂಢಿ ನಮ್ಮಲ್ಲಿದೆ. ಹೊಂಡದ ರಸ್ತೆಯಲ್ಲಿ ಬ್ಯಾಟರಿ ಕುಣಿದಷ್ಟೂ ಫಲಕಗಳಿಗೆ ಮೆತ್ತಿದ ಸೀಸದ ಲೇಪ ಉದುರಿ ತಳ ಸೇರುತ್ತದೆ. ತಳದಲ್ಲಿ ರಾಶಿಯಾದ ಆ ಕೆಸರು ಫಲಕಗಳನ್ನು ಒಂದಕ್ಕೊಂದು ಮುಟ್ಟಿಸಿದ ದಿನ ಬ್ಯಾಟರಿ ಸಾಯುತ್ತದೆ. ಅಲ್ಪ ಬೆಲೆಯ ಕ್ಲ್ಯಾಂಪ್ ಒಂದು ಹತ್ತು ಕಿಲೋ ಸೀಸದ ಆಯುಷ್ಯವನ್ನು ಕಾಯುತ್ತದೆ.

ಕೊನೆಗೆ ಧ್ರುವಗಳಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಪಾಸಿಟಿವ್ ಮೇಲಿನ ಕೆಂಪು ಟೊಪ್ಪಿ ಮುಚ್ಚಿ, ಎಂಜಿನ್ ಚಾಲೂ ಮಾಡಿ ಮತ್ತೊಮ್ಮೆ ವೋಲ್ಟ್ ಅಳೆಸಬೇಕು.

ನೂರು ರೂಪಾಯಿಯ ಹೆಚ್ಚುವರಿ

ಈಗ ಹಳೆಯ ಬ್ಯಾಟರಿಯ ವಿಚಾರ. ಬನಶಂಕರಿಯ ಅಂಗಡಿಯೊಂದರಲ್ಲಿ ನಮ್ಮೂರಿನ ಗಾಡಿಗೆ ಬ್ಯಾಟರಿ ಹಾಕಿಸುವಾಗ ನಡೆದ ಮಾತುಕತೆ ಹೀಗಿತ್ತು. ‘ಹಳೇದು ಬಿಟ್ಟು ಹೋದ್ರೆ ಬೆಲೇಲಿ ಇಷ್ಟು ಕಮ್ಮಿ ಮಾಡ್ತೀನಿ ಸಾರ್’ ಎಂದರು ಅಂಗಡಿಯವರು. ನಮ್ಮ ಚಾಲಕ ನನ್ನ ಕಿವಿಯಲ್ಲಿ, ‘ಇಲ್ಲಿ ಕೊಡೋದು ಬ್ಯಾಡ್ರಾ, ಊರಲ್ಲಿ ಗುಜರಿಯವ್ನು ಇನ್ನೂ ನೂರಿನ್ನೂರು ಜಾಸ್ತಿ ಕೊಡ್ತಾನೆ’ ಎಂದ. ಅವನು ಹೇಳಿದ ಲೆಕ್ಕ ಸುಳ್ಳಾಗಿರಲಿಲ್ಲ.

ಗುಜರಿಯ ಜಾಲ ಹೆಚ್ಚು ಬೆಲೆ ಕೊಡಬಲ್ಲದು ಏಕೆ? ಅಲ್ಲೇನು ಉತ್ತಮ ತಂತ್ರಜ್ಞಾನವಿದೆಯೇ? ಇಲ್ಲ. ನೋಂದಾಯಿತ ಕಾರ್ಖಾನೆ ಆಮ್ಲವನ್ನು ತಟಸ್ಥಗೊಳಿಸಬೇಕು, ಹೊಗೆಯನ್ನು ಸೋಸಬೇಕು, ಕೆಲಸಗಾರರ ರಕ್ತ ಪರೀಕ್ಷಿಸಬೇಕು, ತೆರಿಗೆ ಕಟ್ಟಬೇಕು. ಹಿತ್ತಿಲಿನ ಕುಲುಮೆಗೆ ಇದಾವುದರ ಖರ್ಚೂ ಇಲ್ಲ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು, ಕಟ್ಟಿಗೆಯ ಬೆಂಕಿಯೇ ಧಾರಾಳ. ಕೊಡಲಿಯಿಂದ ಪೆಟ್ಟಿಗೆ ಸೀಳಿ, ಆಮ್ಲವನ್ನು ಚರಂಡಿಗೆ ಸುರಿದು, ಫಲಕಗಳನ್ನು ಬಾಣಲೆಗೆ ಹಾಕಿದರಾಯಿತು. ಉಳಿದ ಖರ್ಚನ್ನು ಕೆಲಸಗಾರನ ಮೂಳೆ, ಅವನ ಮಕ್ಕಳ ಮಿದುಳು ಮತ್ತು ಸುತ್ತಲಿನ ಮಣ್ಣು ಭರಿಸುತ್ತವೆ. ನಮ್ಮ ಕೈಗೆ ಹೆಚ್ಚಾಗಿ ಬಂದ ನೂರು ರೂಪಾಯಿ ಅವರ ಜೇಬಿನಿಂದ ಬಂದದ್ದು.

ಬೆಂಗಳೂರು ಕಲಿಸಿದ ಪಾಠ

ಬಿ.ಟಿ.ಎಂ. ಎಂಬ ಹೆಸರಿನಲ್ಲಿ ಮೂರು ಹಳ್ಳಿಗಳು ಅಡಗಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಆ ಮಡಿವಾಳದ ಸಮೀಪವೇ, ಕೋರಮಂಗಲದ ಅಂಚಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇದೆ. ಸೀಸದ ನಂಜಿನ ಬಗ್ಗೆ ಭಾರತದ ಕಣ್ಣು ತೆರೆಸಿದವರಲ್ಲಿ ಅಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. ಸೀಸದ ನಂಜಿಗಾಗಿಯೇ ರಾಷ್ಟ್ರೀಯ ಮಾರ್ಗದರ್ಶಿ ಕೇಂದ್ರವೊಂದು ಅಲ್ಲಿ ರೂಪುಗೊಂಡಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಕೈಗೊಂಡ ಸಮೀಕ್ಷೆ ಬೆಂಗಳೂರು ಸೇರಿದಂತೆ ಹಲವು ನಗರಗಳ ಜನರ ರಕ್ತವನ್ನು ಪರೀಕ್ಷಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂದಿತು. ಅಂದಿನ ದಿನಗಳಲ್ಲಿ 10 ಎಂಬುದು ಕಳವಳದ ಗಡಿಯಾಗಿತ್ತು. ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಸ್ಪಷ್ಟವಾಗಿ ಹೇಳುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಮಕ್ಕಳ ಶರೀರ ಹೀರಿಕೊಳ್ಳುತ್ತದೆ. ಕುಂದಿದ ಬುದ್ಧಿಶಕ್ತಿ ಮತ್ತೆ ಮರಳುವುದಿಲ್ಲ.

ಆಗ ಸೀಸದ ಬಹುದೊಡ್ಡ ಮೂಲ ಪೆಟ್ರೋಲ್ ಆಗಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಆ ಬಾಗಿಲನ್ನು ಸರ್ಕಾರ ಒಂದು ಆದೇಶದಿಂದ ಮುಚ್ಚಿಬಿಟ್ಟಿತು, ಏಕೆಂದರೆ ಪೆಟ್ರೋಲ್ ಬರುವುದು ಬೆರಳೆಣಿಕೆಯ ಶುದ್ಧೀಕರಣ ಘಟಕಗಳಿಂದ. ಹಳೆಯ ಬ್ಯಾಟರಿಯಾದರೋ ಲಕ್ಷಾಂತರ ಕೈಗಳಿಂದ ಹೊರಡುತ್ತದೆ. ಆ ಬಾಗಿಲನ್ನು ಪ್ರತಿಯೊಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಪ್ರತಿಯೊಂದು ಮನೆಯ ಅಂಗಳದಲ್ಲಿ ಮುಚ್ಚಬೇಕಾಗಿದೆ.

ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕದ ಸೆನೆಗಲ್ ಸಾಕ್ಷಿ. ರಾಜಧಾನಿ ಡಾಕರ್ ಬಳಿಯ ತಿಯಾರೋಯ್ ಎಂಬ ಕಡಲತೀರದ ಬಡಾವಣೆಯಲ್ಲಿ ಜನ ಹಳೆಯ ಬ್ಯಾಟರಿಗಳನ್ನು ಒಡೆದು, ಸೀಸ ಬೆರೆತ ಮಣ್ಣನ್ನು ಮನೆಗಳಲ್ಲೇ ಜರಡಿ ಹಿಡಿಯುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಮೂವರಲ್ಲಿ ಒಂದು ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅಂಥ ಮಕ್ಕಳಲ್ಲಿ ಸುಮಾರು 27 ಕೋಟಿ ಭಾರತದವರು. ಬ್ಯಾಟರಿಗಳನ್ನು ಅಕ್ರಮವಾಗಿ ಕರಗಿಸುವುದು ಪ್ರಮುಖ ಕಾರಣಗಳಲ್ಲಿ ಒಂದೆಂದು ಆ ವರದಿ ಗುರುತಿಸಿದೆ.

ನಮ್ಮ ಮಣ್ಣಿನ ಲೆಕ್ಕ

ಮಣ್ಣಿನೊಡನೆ ಕೆಲಸ ಮಾಡುವವನಾಗಿ ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅದರ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಟನ್ ತೂಗುತ್ತದೆ. ಅದಕ್ಕೆ ಒಂದು ಕಿಲೋ ಸೀಸ ಸಮನಾಗಿ ಬೆರೆತರೆ ಪ್ರತಿ ಕಿಲೋ ಮಣ್ಣಿಗೆ 50 ಮಿಲಿಗ್ರಾಂ ಸೇರಿದಂತಾಯಿತು. ಸ್ವಾಭಾವಿಕ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವುದೇ 10ರಿಂದ 50 ಮಿಲಿಗ್ರಾಂ. ಅಂದರೆ ಒಂದು ಪಿಕಪ್ ಬ್ಯಾಟರಿಯ ಹತ್ತು ಕಿಲೋ ಸೀಸ ಹತ್ತು ಗುಂಟೆ ತೋಟದ ಮೇಲ್ಮಣ್ಣಿನ ಸೀಸವನ್ನು ಇಮ್ಮಡಿಗೊಳಿಸಲು ಸಾಕು. ಅಷ್ಟೂ ಸೀಸ ಒಂದೇ ಗುಂಟೆಯಲ್ಲಿ, ಮನೆಯ ಹಿಂದಿನ ಸೊಪ್ಪು ತರಕಾರಿಯ ಪಾತಿಯಲ್ಲಿ ಉಳಿದರೆ ಕಿಲೋ ಮಣ್ಣಿಗೆ 500 ಮಿಲಿಗ್ರಾಂ!

ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಎಲೆಗೊಬ್ಬರದ ಸಾವಯವ ಅಂಶಕ್ಕೂ ಜೇಡಿಗೂ ಅಂಟಿಕೊಂಡು ಮೇಲ್ಪದರದಲ್ಲಿ ಶತಮಾನಗಳ ಕಾಲ ಉಳಿಯುತ್ತದೆ. ಬಹಳ ಮಳೆ ಬೀಳುವ ನಮ್ಮ ಮಣ್ಣು ಹುಳಿ ಗುಣದ್ದು. ಹುಳಿ ಹೆಚ್ಚಾದಂತೆ ಸೀಸದ ಹಿಡಿತ ಸಡಿಲವಾಗಿ ಬೇರಿಗೆ ದಕ್ಕುವ ಪಾಲು ಹೆಚ್ಚುತ್ತದೆ. ಬ್ಯಾಟರಿಯ ಗಂಧಕಾಮ್ಲವೂ ಜೊತೆಗೆ ಬಿದ್ದರೆ ಕೇಳುವುದೇ ಬೇಡ. ಸುಣ್ಣ, ಕಾಂಪೋಸ್ಟ್ ಹಾಕಿ ಅದನ್ನು ಒಂದಿಷ್ಟು ಕಟ್ಟಿಹಾಕಬಹುದೇ ವಿನಾ ಹೊರತೆಗೆಯಲಾಗದು. ಗಿಡದ ಬೇರಿಗಿಂತಲೂ ಅಪಾಯಕಾರಿಯಾದುದು ದೂಳಿನ ದಾರಿ. ಹರಿವೆ, ಬಸಳೆಯ ಎಲೆಗೆ ಮೆತ್ತಿದ ಮಣ್ಣು, ಅಂಗಳದಲ್ಲಿ ಅಂಬೆಗಾಲಿಡುವ ಕೂಸಿನ ಬೆರಳು, ಕುಲುಮೆಯಿಂದ ಮರಳಿದ ತಂದೆಯ ಅಂಗಿ, ಇವೇ ಸೀಸದ ವಾಹನಗಳು. ಗದ್ದೆಗೆ ಹರಿಯುವ ಹಳ್ಳದ ದಂಡೆಯಲ್ಲಿ ಒಂದೇ ಒಂದು ಸಲ ಬ್ಯಾಟರಿ ಒಡೆದರೂ ಅದರ ಸಾಲವನ್ನು ಮೊಮ್ಮಕ್ಕಳು ತೀರಿಸಬೇಕಾಗುತ್ತದೆ.

ಕಾನೂನು ಏನನ್ನುತ್ತದೆ?

ಕಾನೂನು ಇಲ್ಲವೆಂದಲ್ಲ. ಬ್ಯಾಟರಿಗಳ ನಿರ್ವಹಣೆಯ ನಿಯಮಗಳು ಮೊದಲು ಬಂದದ್ದು 2001ರಲ್ಲಿ. ಮಾರಾಟಗಾರ ಹಳೆಯದನ್ನು ಹಿಂದಕ್ಕೆ ಪಡೆಯಬೇಕು, ಗ್ರಾಹಕ ಅದನ್ನು ಮಾರಾಟಗಾರನಿಗೋ ನೋಂದಾಯಿತ ಮರುಬಳಕೆದಾರನಿಗೋ ಮಾತ್ರ ಕೊಡಬೇಕು ಎಂದು ಅವು ಹೇಳಿದವು. 2022ರ ಆಗಸ್ಟ್‌ನಲ್ಲಿ ಅವುಗಳ ಜಾಗಕ್ಕೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ತಾನು ಮಾರಿದ ಬ್ಯಾಟರಿ ಬಳಕೆ ಮುಗಿಸಿದ ಮೇಲೆ ಅದನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಈಗ ಉತ್ಪಾದಕನದು. ಗ್ರಾಹಕನ ಪಾಲಿಗೂ ಕರ್ತವ್ಯವಿದೆ: ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದ ಸಂಸ್ಥೆಯ ಕೈಗೇ ಒಪ್ಪಿಸಬೇಕು. ಬ್ಯಾಟರಿಯ ಮೇಲೆ ಅಚ್ಚಾದ, ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರ ಇದನ್ನೇ ಸಾರುತ್ತದೆ.

ಇದಕ್ಕೆ ಎದುರಾಗುವ ಆಕ್ಷೇಪಗಳೂ ಸಣ್ಣವಲ್ಲ. ಮೊದಲನೆಯದು, ಅಂಗಡಿಯವನು ಪಡೆದದ್ದು ಸರಿಯಾದ ಜಾಗಕ್ಕೇ ಹೋಗುತ್ತದೆ ಎಂಬ ಭರವಸೆ ಏನು? ಭರವಸೆಯನ್ನು ನಾವು ಕೇಳಿ ಪಡೆಯಬೇಕು. ಹಳೆಯ ಬ್ಯಾಟರಿಗೆ ಕೊಟ್ಟ ರಿಯಾಯಿತಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ನಮೂದಿಸುವಂತೆ ಒತ್ತಾಯಿಸಬೇಕು. ಲೆಕ್ಕಕ್ಕೆ ಸೇರಿದ ಬ್ಯಾಟರಿ ಕತ್ತಲಿಗೆ ಜಾರುವುದು ಕಷ್ಟ. ಕಂಪನಿಯ ಅಧಿಕೃತ ಮಾರಾಟಗಾರನಾದರೆ ಹೊಸದನ್ನು ತಂದ ವಾಹನದಲ್ಲಿಯೇ ಹಳೆಯದನ್ನು ಕಳಿಸುವ ಅನುಕೂಲ ಅವನಿಗಿರುತ್ತದೆ.

ಎರಡನೆಯದು, ಗುಜರಿಯವರ ಹೊಟ್ಟೆಪಾಡಿನ ಮಾತು. ನಮ್ಮ ಕಾಗದ, ಕಬ್ಬಿಣ, ಬಾಟಲಿಗಳನ್ನು ಮನೆಮನೆಯಿಂದ ಆಯ್ದು ಮರುಬಳಕೆಗೆ ತಲುಪಿಸುವ ಅವರ ಸೇವೆಯನ್ನು ಯಾವ ಪರಿಸರವಾದಿಯೂ ಹಳಿಯಲಾರ. ಅವರು ಅಪರಾಧಿಗಳಲ್ಲ, ಮೊದಲ ಬಲಿಪಶುಗಳು. ಬ್ಯಾಟರಿಯನ್ನು ಒಡೆಯದೆ, ಆಮ್ಲ ಚೆಲ್ಲದೆ, ನೆಟ್ಟಗೆ ನಿಲ್ಲಿಸಿ ಅಧಿಕೃತ ಕೇಂದ್ರಕ್ಕೆ ಮುಟ್ಟಿಸಿದರೆ ಅವರಿಗೂ ನ್ಯಾಯವಾದ ಕೂಲಿ ಸಿಗುವ ವ್ಯವಸ್ಥೆ ಬೇಕು. ತಪ್ಪು ಸಂಗ್ರಹದಲ್ಲಿಲ್ಲ, ಒಡೆಯುವುದರಲ್ಲಿ ಮತ್ತು ಕರಗಿಸುವುದರಲ್ಲಿದೆ.

ಮೂರನೆಯ ಆಕ್ಷೇಪ ದೂರದ್ದು. ಬೆಂಗಳೂರಿನಲ್ಲಿ ಹೆಜ್ಜೆಗೊಂದು ಅಂಗಡಿಯಿದೆ, ಘಟ್ಟದ ಹಳ್ಳಿಗೆ ಬರುವುದು ಗುಜರಿಯ ಗಾಡಿಯೊಂದೇ. ಈ ಮಾತು ನಿಜ. ಇದು ಪಿಕಪ್‌ಗಳಿಗಷ್ಟೇ ಸೀಮಿತವೂ ಅಲ್ಲ. 1995ರಲ್ಲಿ ಆರಂಭವಾಗಿ ಜೆ.ಪಿ. ನಗರದಲ್ಲಿ ಕಚೇರಿ ಹೊಂದಿರುವ ಸೆಲ್ಕೋದಂಥ ಸಂಸ್ಥೆಗಳ ಶ್ರಮದಿಂದ ವಿದ್ಯುತ್ ತಂತಿ ಮುಟ್ಟದ ನಮ್ಮ ಎಷ್ಟೋ ಮನೆಗಳಿಗೆ ಸೌರದೀಪ ಬಂತು. ಆಮೇಲೆ ಇನ್ವರ್ಟರ್ ಬಂತು, ಆನೆ ಹಂದಿಗಳನ್ನು ತಡೆಯುವ ಸೌರಬೇಲಿ ಬಂತು. ಇವುಗಳಲ್ಲಿ ಬಹಳಷ್ಟರ ಜೊತೆಗೆ ಸೀಸದ ಬ್ಯಾಟರಿಯೂ ಬಂದಿದೆ. ಗಾಡಿಯಲ್ಲಿ ಸೋತ ಬ್ಯಾಟರಿಯನ್ನು ಬೇಲಿಗೋ ದೀಪಕ್ಕೋ ಕಟ್ಟಿ ಇನ್ನಷ್ಟು ದಿನ ದುಡಿಸುವ ಉಪಾಯವೂ ಫಲಿಸದು. ಗಾಡಿಯ ಬ್ಯಾಟರಿಯ ತೆಳು ಫಲಕಗಳು ಕ್ಷಣಕಾಲ ಭಾರೀ ವಿದ್ಯುತ್ ಕೊಡಲು ಮಾಡಿದವು. ನಿಧಾನವಾಗಿ, ಆಳವಾಗಿ ಬರಿದಾಗುವ ಕೆಲಸಕ್ಕೆ ದಪ್ಪ ಫಲಕದ ಟ್ಯೂಬ್ಯುಲರ್ ಬ್ಯಾಟರಿಯೇ ಬೇಕು.

ನಾವು ಮಾಡಬಹುದಾದದ್ದು

ದೂರದ ಸಮಸ್ಯೆಗೆ ಉತ್ತರ ನಮ್ಮ ಸಹಕಾರ ಸಂಘಗಳಲ್ಲಿದೆ. ಅಡಿಕೆ, ಹಾಲು, ಸಾಲ, ಗೊಬ್ಬರಗಳನ್ನು ತಲೆಮಾರುಗಳಿಂದ ನಿಭಾಯಿಸಿದ ಸಂಘಗಳಿಗೆ ಹಳೆಯ ಬ್ಯಾಟರಿಗಳ ಸಂಗ್ರಹ ಅಸಾಧ್ಯವೇನಲ್ಲ. ಮಳೆ ತಾಗದ ಒಂದು ಮೂಲೆ, ಸೋರಿದ್ದನ್ನು ಹಿಡಿಯುವ ದಪ್ಪ ಪ್ಲಾಸ್ಟಿಕ್ ತಟ್ಟೆ, ಒಂದು ದಾಖಲೆ ಪುಸ್ತಕ, ನೋಂದಾಯಿತ ಸಂಗ್ರಾಹಕನೊಡನೆ ಒಂದು ಒಪ್ಪಂದ, ಇಷ್ಟು ಸಾಕು. ಉತ್ಪಾದಕರ ಮೇಲೆ ಸಂಗ್ರಹದ ಹೊಣೆಯನ್ನು ಕಾನೂನೇ ಹೊರಿಸಿರುವಾಗ ಸಾಗಣೆಯ ಖರ್ಚನ್ನು ಅವರಿಂದಲೇ ಕೇಳುವುದು ನ್ಯಾಯ. ಪ್ರತಿ ತಾಲ್ಲೂಕಿಗೊಂದು ಸಂಗ್ರಹ ಕೇಂದ್ರ ಬೇಕೆಂದೂ, ಹಳೆಯ ಬ್ಯಾಟರಿಯ ದರವನ್ನು ಅಂಗಡಿಯ ಮುಂದೆ ಬರೆದು ತೂಗುಹಾಕಬೇಕೆಂದೂ ಗ್ರಾಮಸಭೆಗಳಲ್ಲಿ ಠರಾವು ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸೋಣ.

ಬೆಂಗಳೂರಿನಲ್ಲಿ ಓದುವ ವಿದ್ಯಾರ್ಥಿ ಮಿತ್ರರಿಗೂ ಕೆಲಸವಿದೆ. ತಮ್ಮ ಬಡಾವಣೆಯ ಹತ್ತು ಅಂಗಡಿಗಳಲ್ಲಿ ಹಳೆಯ ಬ್ಯಾಟರಿಗೆ ಬಿಲ್ಲು ಕೊಡುವವರಾರು, ಅದನ್ನು ಯಾರಿಗೆ ಕಳಿಸುತ್ತಾರೆ, ದರವೆಷ್ಟು ಎಂದು ಒಂದು ಭಾನುವಾರ ವಿಚಾರಿಸಿ ಪಟ್ಟಿ ಮಾಡಿದರೆ ಊರಿನಿಂದ ಬರುವ ಚಾಲಕರಿಗೆ ಅದು ಕೈದೀಪವಾಗುತ್ತದೆ. ಆ ಪಟ್ಟಿಯನ್ನು ಈ ಪತ್ರಿಕೆಗೆ ಕಳಿಸಿದರೆ ಎಲ್ಲ ಊರುಗಳಿಗೂ ತಲುಪಿಸಬಹುದು.

ಸೀಸ ದುಷ್ಟ ಲೋಹವಲ್ಲ. ಸರಿಯಾದ ಕಾರ್ಖಾನೆಯಲ್ಲಿ ಕರಗಿಸಿದರೆ ಅದು ಮತ್ತೆ ಮತ್ತೆ ಹೊಸ ಬ್ಯಾಟರಿಯಾಗಿ ಮರಳಬಲ್ಲದು, ಹೊಸ ಗಣಿ ತೋಡುವ ಅಗತ್ಯವನ್ನೂ ತಗ್ಗಿಸಬಲ್ಲದು. ಗಣಿಗಾರಿಕೆಯ ವಿರುದ್ಧ ದನಿಯೆತ್ತುವ ನಮಗೆ ಇದು ಕಡಿಮೆ ಮಾತಲ್ಲ. ಈ ಚಕ್ರ ತುಂಡಾಗುವುದು ನಮ್ಮ ಕೊಟ್ಟಿಗೆಯ ಮೂಲೆಯಿಂದ ಗುಜರಿಯ ಗಾಡಿಗೆ ಬ್ಯಾಟರಿ ಏರುವಾಗ. ಈ ಸಂಚಿಕೆ ಕೈಸೇರಿದ ದಿನ ಪ್ರತಿಯೊಬ್ಬರೂ ತಮ್ಮ ಕೊಟ್ಟಿಗೆ, ಪಂಪ್‌ಹೌಸ್, ಅಟ್ಟಗಳನ್ನು ಒಮ್ಮೆ ನೋಡಿ, ಮೂಲೆ ಸೇರಿದ ಬ್ಯಾಟರಿಗಳನ್ನು ಎಣಿಸಲಿ. ಮಕ್ಕಳ ಕೈಗೆ ಸಿಗದಂತೆ ನೆಟ್ಟಗೆ ಎತ್ತಿಡಲಿ. ಮುಂದಿನ ಬಾರಿ ಪೇಟೆಗೆ ಹೊರಟಾಗ ಅವು ಬಿಲ್ಲು ಕೊಡುವ ಅಂಗಡಿಯನ್ನೇ ತಲುಪಲಿ.